ಹಗ್ಗದ ಹಿಂದೆ ನಡೆದ ಮಾವ

ನಮ್ಮ ಮಾವನ ಬಲ ಅಂಗೈಯಲ್ಲಿ ಕಿರುಬೆರಳ ಬುಡದಿಂದ ಹೆಬ್ಬೆರಳವರೆಗೆ ಒಂದು ದಪ್ಪ ಗೀರು ಇತ್ತು. ನಾಯಿಯ ಹಗ್ಗ ವರ್ಷಗಟ್ಟಲೆ ಉಜ್ಜಿ ಆದದ್ದು. ಮಾತಾಡುವಾಗ ಎಡಗೈ ಹೆಬ್ಬೆರಳಿನಿಂದ ಅದನ್ನು ತೀಡುತ್ತಿದ್ದರು. ಮದುವೆಯಾಗಿ ಅರಕಲಗೂಡು ಕಡೆಯಿಂದ ಶನಿವಾರಸಂತೆ ಹತ್ತಿರದ ಆ ಮನೆಗೆ ಬಂದ ವಾರದಲ್ಲೇ ಅದೇನೆಂದು ಕೇಳಿಬಿಟ್ಟೆ. ಹೊಸ ಸೊಸೆ ಹಾಗೆಲ್ಲ ಕೇಳಬಾರದು. ಆದರೆ ಎಲ್ಲದಕ್ಕೂ ಯಾಕೆ ಎನ್ನುವುದು ನನಗೆ ಹುಟ್ಟಿನಿಂದ ಬಂದ ಚಾಳಿ. "ನಾಯಿ ಬರ್ದಿರೋದು ಕಣವ್ವ, ನಂಗೂ ಓದಕ್ಕೆ ಬರಲ್ಲ" ಎಂದು ನಕ್ಕರು.

ಆಗಿನ್ನೂ ಕೊಡಗು ಬೇರೆ ರಾಜ್ಯ. ನಮ್ಮ ಯಜಮಾನರು ಮಿಲಿಟರಿಯಲ್ಲಿದ್ದರು, ಅತ್ತೆ ತೀರಿಕೊಂಡಿದ್ದರು. ಕಾಡಂಚಿನ ಗದ್ದೆಯ ಭತ್ತವೇ ನಮ್ಮಿಬ್ಬರ ವರ್ಷದ ಊಟ. ತೆನೆ ಬಂತೆಂದರೆ ಹಂದಿಗಳು ಇಳಿಯುತ್ತಿದ್ದವು, ಒಂದೇ ರಾತ್ರಿಯಲ್ಲಿ ಅರ್ಧ ಗದ್ದೆ ಮಗುಚಿ ಹಾಕುತ್ತಿದ್ದವು. ಅವುಗಳನ್ನು ತಡೆಯುತ್ತಿದ್ದ ಮುದಿ ನಾಯಿ ಆ ಮಳೆಗಾಲದಲ್ಲಿ ಸತ್ತಿತು. ಉಳಿದವನು ಅದರ ಮಗ ಕರಿಯ. ಇನ್ನೂ ವರ್ಷ ತುಂಬಿರಲಿಲ್ಲ, ಕೋಳಿ ಕಂಡರೂ ಬೊಗಳುವ ಪೆದ್ದ. ತೆನೆ ಬಲಿಯುವುದರೊಳಗೆ ಅವನನ್ನು ರಾತ್ರಿ ಬೇಟೆಗೆ ತಯಾರು ಮಾಡದಿದ್ದರೆ ಉಪವಾಸವೇ.

"ನೀನೂ ಬಾ" ಎಂದರು ಮಾವ. ಯಾಕೆ ಎಂದೆ. "ವಯಸ್ಸಾಯ್ತಲ್ಲ" ಎಂದರು. ಕೋವಿ ಹಿಡಿಯುವುದನ್ನು ಬಿಟ್ಟಾಗಲೂ ಇದನ್ನೇ ಹೇಳಿದ್ದರಂತೆ. ಹಗಲಲ್ಲಿ ಗುಡ್ಡ ಹತ್ತುವಾಗ ಮಾತ್ರ ನಾನೇ ಅವರ ಹಿಂದೆ ಏದುಸಿರು ಬಿಡುತ್ತಿದ್ದೆ.

ಮೊದಲ ಪಾಠ ಹಗಲಲ್ಲೇ. ಹಳೆಯ ಹಂದಿ ಚರ್ಮದ ತುಂಡನ್ನು ಬದುವಿನ ಮೇಲೆ ಎಳೆದುಕೊಂಡು ಹೋಗಿ ನಾನು ಬಚ್ಚಿಡಬೇಕು, ಕರಿಯ ಹುಡುಕಬೇಕು. ಆಮೇಲೆ ಅದನ್ನೇ ಮುಸ್ಸಂಜೆಯಲ್ಲಿ. ದಾರಿಯಲ್ಲಿ ಕರಿಯ ಮೊಲದ ಜಾಡು ಹಿಡಿದರೆ ಮಾವ ಹಗ್ಗ ಬಿಗಿಹಿಡಿದು ಸುಮ್ಮನೆ ಕೂತುಬಿಡುತ್ತಿದ್ದರು, ಅವನಿಗೆ ಬೇಜಾರಾಗಿ ವಾಪಸು ಬರುವವರೆಗೂ. ಒಂದೇಟು ಕೊಡಬಾರದೇ ಎಂದೆ. "ಹೊಡುದ್ರೆ ವಾಸ್ನೆ ಹಿಡಿಯೋದೇ ತಪ್ಪು ಅಂದ್ಕತದೆ. ಮೊಲದ ಹಿಂದೆ ಹೋದ್ರೆ ಏನೂ ಸಿಗಲ್ಲ ಅಂತ ಅದ್ಕೇ ತಿಳೀಬೇಕು."

ಮೊದಲ ಕತ್ತಲ ರಾತ್ರಿ ನಾನು ಲಾಟೀನು ಹಿಡಿದು ಅವರ ಹಿಂದೆ ನಡೆದೆ. ಅದೇ ತಪ್ಪಾಯಿತು. ಕರಿಯ ಬೆಳಕಿನ ಅಂಚಿನವರೆಗೆ ಹೋಗಿ, ನಿಂತು, ತಿರುಗಿ ನಮ್ಮ ಮುಖ ನೋಡುತ್ತಿದ್ದ. ಹಗ್ಗ ಸಡಿಲವಾದದ್ದು ಮಾವನಿಗೆ ಗೊತ್ತಾಯಿತು. "ಸೀಮೆಎಣ್ಣೆ ವಾಸ್ನೆ ಬತ್ತಾದೆ. ಲಾಟೀನು ಇದ್ರೆ ನಾಯಿ ಕಣ್ಣಲ್ಲಿ ಹುಡುಕ್ತದೆ, ಮೂಗು ಮಲಗ್ತದೆ. ಆರ್ಸವ್ವ." ತಕ್ಷಣ ಆರಿಸಿದೆ. ನನ್ನ ಕೈ ನನಗೇ ಕಾಣದಷ್ಟು ಕತ್ತಲು. ಸ್ವಲ್ಪ ದೂರ ಹೋದ ಮೇಲೆ ಮಾವ ಮತ್ತೆ ನಿಂತರು. "ಹೇಳಿದ್ನಲ್ಲವ್ವ, ಆರ್ಸು ಅದ್ನ."

ಬತ್ತಿಯ ವಾಸನೆ ಇನ್ನೂ ಇತ್ತು. ಬೆಳಕು ಹೋದದ್ದು ಅವರಿಗೆ ತಿಳಿದಿರಲಿಲ್ಲ. ಕತ್ತಲಾದರೆ ಮಾವನಿಗೆ ಏನೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಆ ಮುದಿ ನಾಯಿಯೇ ಅವರನ್ನು ಗದ್ದೆಗೆ ಕರೆದೊಯ್ದು ಮನೆಗೆ ತಂದು ಬಿಡುತ್ತಿತ್ತು. "ಆರಿಸ್ದೆ ಮಾವ" ಎಂದೆ, ಬೇರೇನೂ ಕೇಳಲಿಲ್ಲ. ನನ್ನ ಬಾಯಿ ಕಟ್ಟಿದ್ದು ಅದೇ ಮೊದಲು.

ಮಾರನೆಯ ರಾತ್ರಿಯಿಂದ ನಾನು ಅವರಿಗಿಂತ ಒಂದು ಹೆಜ್ಜೆ ಮುಂದೆ, ಕಾಲಿನಿಂದ ನೆಲ ತಡವುತ್ತ ನಡೆದೆ. ಕಾಲುವೆ ಬಂದರೆ, "ಈ ಕಾಲುವೆ ಯಾರು ತೋಡಿದ್ದು ಮಾವ?" ಬದು ಜಾರಿದ್ದರೆ, "ಇದು ಯಾವಾಗ ಜಾರಿದ್ದು ಮಾವ?" ಅವರು ಉತ್ತರ ಹೇಳುತ್ತ ಹುಷಾರಾಗಿ ಕಾಲಿಡುತ್ತಿದ್ದರು.

ತೆನೆ ಬಲಿತ ಮೇಲೊಂದು ರಾತ್ರಿ ಮಾವ ತಟ್ಟನೆ ನಿಂತು ನನ್ನ ಕೈಯನ್ನು ಹಗ್ಗದ ಮೇಲಿಟ್ಟರು. "ಮೊಲ ಆದ್ರೆ ಜಗ್ತದೆ. ಇದು ನಡುಗ್ತಾ ಇದೆ ನೋಡು. ಹಂದಿ." ಹಗ್ಗ ಬಿಟ್ಟರು. ಕರಿಯ ಹೋದ. ಹೆದರಿ ವಾಪಸು ಓಡಿ ಬರುತ್ತಾನೆಂದು ನನಗೆ ಭಯ, ಅವನು ಬರಲಿಲ್ಲ. ಹಂದಿಯನ್ನು ಬೇಲಿಗೆ ಒತ್ತರಿಸಿ ನಿಲ್ಲಿಸಿ ಒಂದೇ ಸಮ ಬೊಗಳಿದ. ಕಾವಲಿನ ಅಟ್ಟಣೆಯ ಮೇಲಿದ್ದ ಪಕ್ಕದ ಗದ್ದೆಯವರು ಟಾರ್ಚಿನ ಬೆಳಕು ಬಿಟ್ಟು ಕೋವಿ ಹಾರಿಸಿ ಅದನ್ನು ಕೆಡವಿದರು. ಹಿಂಡು ಮತ್ತೆ ನಮ್ಮ ಕಡೆ ಇಳಿಯಲಿಲ್ಲ.

ಬೆಳಿಗ್ಗೆ ಅಂಗಳದಲ್ಲಿ ಮಾಂಸ ಹಂಚಿದರು. ಬೇಟೆಗೆ ಹೋದ ಗಂಡಸರಿಗೆ ಒಂದೊಂದು ಪಾಲು, ಕೋವಿಗೆ ಒಂದು, ನಾಯಿಗೆ ಒಂದು. ಹೆಂಗಸರಿಗೆ ಪಾಲಿಲ್ಲ.

"ನಾಯಿಗೆ ಎರಡು ಪಾಲು ಹಾಕ್ರಪ್ಪ" ಎಂದರು ಮಾವ.

"ಇದ್ದಿದ್ದು ಒಂದೇ ನಾಯಿ ಅಲ್ವಾ ದೊಡ್ಡಯ್ಯ?" ಎಂದರು ಪಕ್ಕದ ಗದ್ದೆಯವರು.

ಮಾವ ಅಂಗೈಯ ಗೀರು ತೀಡಿದರು. "ನಂಗೆ ಕತ್ಲಲ್ಲಿ ಕಣ್ಣು ಕಾಣಲ್ಲ, ಬಾಳಾ ವರ್ಷ ಆಯ್ತು. ನನ್ನ ನಡ್ಸಿದ್ದು ಕರಿಯ ಒಬ್ನೇ ಅಲ್ಲ." ಇನ್ನೊಂದು ಪಾಲು ನನ್ನ ಮುಂದೆ ಬಂತು. ನಾಯಿಯ ಪಾಲು ತಿಂದ ಸೊಸೆ ಎಂದು ಊರವರು ಎಷ್ಟೋ ದಿನ ರೇಗಿಸಿದರು. ನನಗೆ ಮಾತ್ರ ಹೆಮ್ಮೆಯೇ ಆಗುತ್ತಿತ್ತು.

ಮಾವ ಹಾಸಿಗೆ ಹಿಡಿದ ಮೇಲೆ, ಸಂಜೆಯಾದರೆ ಕೈ ಚಾಚಿ ತಡಕಾಡುತ್ತಿದ್ದರು. ಪಕ್ಕದಲ್ಲಿ ಕೂತು ಏನಾದರೂ ಕೇಳುತ್ತಿದ್ದೆ, ನಾನೆಲ್ಲಿದ್ದೇನೆಂದು ತಿಳಿಯಲಿ ಎಂದು. ಅವರು ಉತ್ತರ ಹೇಳುತ್ತಿದ್ದರು. ಕೊನೆಯ ಸಂಜೆ, "ಕರಿಯ ಎಲ್ಲಿ ಮಲಗಿದಾನೆ ಹೇಳಿ ಮಾವ" ಎಂದೆ. ಎರಡು ಸಲ ಕೇಳಿದೆ.