ಬಾಣಲೆ ತಿರುಗಿಸುತ್ತಿದ್ದ ರುದ್ರಪ್ಪನವರು

ರುದ್ರಪ್ಪನವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಎದುರಿಗೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದರೂ ತಾವು ಹೆಂಚಿನ ಮೇಲಿದ್ದೇವೆ, ಕೇಳುವವನು ಒಳಗೆ ಟೀವಿ ಮುಂದಿದ್ದಾನೆ ಅನ್ನುವ ಹಾಗೆ ಕೂಗುತ್ತಿದ್ದರು. ಆಲ್ದೂರು ಸುತ್ತಿನ ಮನೆಗಳ ಮೇಲೆಲ್ಲ ಹತ್ತಿ ಆಂಟೆನಾ ತಿರುಗಿಸಿದ ಗಂಟಲು ಅದು. "ಕಾಫಿಗೆ ಸಕ್ಕರೆ ಕಮ್ಮಿ ಹಾಕಿ ರೈಟ್ರೇ" ಎಂದರೆ ಕಾಫಿ ಒಣಗಿಸುವ ಕಣದ ಆಚೆ ಎಸ್ಟೇಟ್ ಆಫೀಸಿನಲ್ಲಿ ಇದ್ದವರಿಗೂ ಅವರ ಸಕ್ಕರೆಯ ವಿಚಾರ ತಿಳಿಯುತ್ತಿತ್ತು.

ಮನೆಗೆ ಬಂದರೆ ಬಾಗಿಲು ತಟ್ಟುವ ಅಭ್ಯಾಸವೂ ಇರಲಿಲ್ಲ. "ಚೆನ್ನಾಗಿದ್ದೀರಾ" ಎಂದು ಕೇಳಿದ್ದನ್ನು ನಾನು ಕೇಳಿಲ್ಲ. ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿ ಅಲ್ಲಿಂದಲೇ "ಬಂತಾ?" ಎಂದು ಕೂಗುತ್ತಿದ್ದರು. ಏನು ಬಂತು, ಎಲ್ಲಿಂದ ಬಂತು, ದೇವರಿಗೇ ಗೊತ್ತು. ನಾನೂ ಒಳಗಿಂದ "ಬಂತು, ಬನ್ನಿ" ಎನ್ನುತ್ತಿದ್ದೆ. ನಮ್ಮಿಬ್ಬರ ನಮಸ್ಕಾರ ಅಷ್ಟೇ.

ನಾನು ಮಲ್ಲಂದೂರಿನ ಕಡೆ ಒಂದು ತೋಟದಲ್ಲಿ ಮೂವತ್ತು ಚಿಲ್ಲರೆ ವರ್ಷ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವನು. ನಿವೃತ್ತನಾದ ಮೇಲೂ ತೋಟದ ಯಜಮಾನರಾದ ಗೌಡರು ನಮ್ಮನ್ನು ಆಫೀಸಿನ ಎದುರಿನ ಅದೇ ಮನೆಯಲ್ಲಿ ಇರಲು ಬಿಟ್ಟರು. ನಮ್ಮನ್ನು ಅಂದೆ, ಆಗ ನನ್ನ ಹೆಂಡತಿ ಸರೋಜ ಇದ್ದಳು. ನಮಗೆ ಮಕ್ಕಳಿಲ್ಲ. ನಿವೃತ್ತಿಯಾದ ಮರುವರ್ಷವೇ ಅವಳು ಹೋದಳು. ಅವಳು ಹೋದ ಮೇಲೆ ಮನೆಯಲ್ಲಿ ನನಗೆ ಸಹಿಸಲಾಗದೆ ಹೋದದ್ದು ಮೌನ. ಬೆಳಿಗ್ಗೆ ಎದ್ದು ಹಿತ್ತಿಲ ಬಾಗಿಲು ತೆರೆಯುವ ಮೊದಲೇ ರೇಡಿಯೋ ಹಚ್ಚುವ ಹೆಂಗಸು ಅವಳು. ಅವಳ ಹಿಂದೆಯೇ ಆ ರೇಡಿಯೋ ಕೂಡ ಕೆಟ್ಟಿತು. ಹೊಸದು ತಂದರೆ ನಮ್ಮ ತಗ್ಗಿಗೆ ಗೊರಗೊರ ಶಬ್ದ ಬಿಟ್ಟು ಬೇರೇನೂ ಬರಲಿಲ್ಲ. ಮೊಬೈಲಿಗೆ ಸಿಗ್ನಲ್ ಬೇಕಾದರೆ ಗೇಟು ದಾಟಿ ಬಂಡೆಯ ಮೇಲೆ ಹತ್ತಬೇಕು.

ಅಷ್ಟರಲ್ಲಿ ಆಫೀಸಿಗೆ ಹೊಸ ಕಂಪ್ಯೂಟರ್ ಬಂದು, ಹಳೆಯದನ್ನು ಗೌಡರು ನನಗೆ ಕೊಟ್ಟರು. "ಆಫೀಸಿನ ವೈಫೈ ಇದೆಯಲ್ಲ ರೈಟ್ರೇ, ಪಾಸ್‌ವರ್ಡ್ ತಗೊಳ್ಳಿ, ರೇಡಿಯೋ ಏನು, ಎಲ್ಲಾನೂ ಕೇಳ್ಬೋದು" ಎಂದರು. ಆದರೆ ಆ ಮುದಿ ಪೆಟ್ಟಿಗೆಗೆ ವೈಫೈ ಹಿಡಿಯುವ ಶಕ್ತಿಯೇ ಇರಲಿಲ್ಲ. ಅದಕ್ಕೆ ಯುಎಸ್‌ಬಿ ಅಡಾಪ್ಟರ್ ಅಂತ ಒಂದು ಬೇಕು ಎಂದು ತಿಳಿದು ಆಲ್ದೂರಿನ ರುದ್ರಪ್ಪನವರ ಅಂಗಡಿಗೆ ಹೋದೆ. ಆಂಟೆನಾಗಳ ಕಾಲ ಮುಗಿದ ಮೇಲೆ ಅವರು ಡಿಶ್ ಕೂರಿಸಿದರು, ಯುಪಿಎಸ್ ರಿಪೇರಿ ಮಾಡಿದರು, ಕೊನೆಗೆ ಕಂಪ್ಯೂಟರಿಗೆ ಇಳಿದಿದ್ದರು. ಅಂಗಡಿಯಲ್ಲಿ ಹೆಚ್ಚು ಗಿರಾಕಿಗಳಿರಲಿಲ್ಲ. ನನ್ನನ್ನು ಕಂಡದ್ದೇ, "ಓಹೋಹೋ, ಸರೋಜಮ್ಮನ ಮನೆಯವರು!" ಎಂದು ಕೂಗಿದರು. ರಸ್ತೆಯಲ್ಲಿ ಹೋಗುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅವರ ನೆನಪು ಸರಿಯಾಗಿತ್ತು. ಎಷ್ಟೋ ವರ್ಷಗಳ ಹಿಂದೆ ನಮ್ಮ ಮನೆಗೆ ಮೊದಲ ಟೀವಿ ಬಂದಾಗ ಹೆಂಚಿನ ಮೇಲೆ ಹತ್ತಿದವರು ಅವರೇ. ಮೇಲಿಂದ ಅವರು "ಬಂತಾ?" ಎನ್ನುವುದು, ಒಳಗಿಂದ ಸರೋಜ "ಬಂತು ಬಂತು... ಅಯ್ಯೋ ಹೋಯ್ತು!" ಎನ್ನುವುದು, ಇದು ಅರ್ಧ ದಿನ ನಡೆದಿತ್ತು. "ನಿಮ್ಮ ಮನೆಯವರ ಗಂಟಲು ಅಂದ್ರೆ ಗಂಟಲು ಮಾರಾಯ್ರೆ. ನಂಗೆ ಸಮನಾಗಿ ಕೂಗ್ದೋರು ಅಂದ್ರೆ ಅವ್ರೊಬ್ರೇ. ಹೇಗಿದಾರೆ?" ಎಂದರು. ಹೇಳಿದೆ. ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಕೆಳಗಿಟ್ಟರು. ಆಮೇಲೆ, "ಗುರುವಾರ ಅಂಗಡಿಗೆ ರಜೆ. ನಾನೇ ಬರ್ತೇನೆ" ಎಂದರು.

ಗುರುವಾರ ಬಂದರು. ಉಗುರಿನಷ್ಟಗಲದ ಒಂದು ತುಂಡು, ಅದಕ್ಕೊಂದು ಗಿಡ್ಡ ಕೊಂಬು, ಅದೇ ಅಡಾಪ್ಟರ್. ಅದನ್ನು ಚುಚ್ಚಲು ಹೋದರೆ ಕಂಪ್ಯೂಟರಿನ ಬೆನ್ನಿನ ತೂತುಗಳಿಗೆಲ್ಲ ಕುಂಬಾರ ಹುಳ ಮಣ್ಣು ಮೆತ್ತಿ ಮನೆ ಕಟ್ಟಿಕೊಂಡಿತ್ತು. "ಇವನಿಗೆ ಬಾಡಿಗೆಗೆ ಕೊಟ್ಟೋರು ಯಾರು?" ಎಂದು ಬೈಯುತ್ತ ಪಿನ್ನಿನಿಂದ ಒಂದೊಂದೇ ತೂತು ಬಿಡಿಸಿದರು. ಆಮೇಲೆ ಕಂಪ್ಯೂಟರು ಆ ಅಡಾಪ್ಟರನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಕೇಳಿತು. ಡಬ್ಬಿಯಲ್ಲಿ ಒಂದು ಪುಟ್ಟ ಸೀಡಿ ಇತ್ತು. ಸೀಡಿ ಹಾಕುವ ಬಾಯಿ ತೆರೆಯಲಿಲ್ಲ. ನೆಟ್‌ನಿಂದ ಇಳಿಸಿಕೊಳ್ಳಿ ಎಂದು ಪರದೆ ಸಲಹೆ ಕೊಟ್ಟಿತು. "ನೆಟ್ ಬರ್ಸೋಕೆ ನೆಟ್ ಬೇಕಂತೆ! ಎಂಥ ನ್ಯಾಯ ಇದು?" ಎಂದು ಅವರು ಕೂಗಿದ್ದಕ್ಕೆ ಕಣದಲ್ಲಿ ಕಾಫಿ ಕೆದಕುತ್ತಿದ್ದ ಹೆಂಗಸರು ನಕ್ಕರು. ಆ ಮನುಷ್ಯ ಡ್ರೈವರಿಗೋಸ್ಕರ ಆಲ್ದೂರಿಗೆ ವಾಪಸ್ ಹೋಗಿ, ಪೆನ್‌ಡ್ರೈವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಮಧ್ಯಾಹ್ನ ಮತ್ತೆ ಬಂದರು.

ಡ್ರೈವರ್ ಕೂತಿತು. ಆದರೆ ಆಫೀಸು ಕಣದ ಆ ತುದಿಯಲ್ಲಿ, ನಡುವೆ ಸಿಲ್ವರ್ ಮರಗಳು. ಸಿಗ್ನಲ್ ಒಂದೇ ಕಡ್ಡಿ, ಅದೂ ಇದ್ದು ಇಲ್ಲದ ಹಾಗೆ. ರುದ್ರಪ್ಪನವರು ಸೊಂಟದ ಮೇಲೆ ಕೈಯಿಟ್ಟು ಯೋಚಿಸಿ ಅಡುಗೆಮನೆಗೆ ನುಗ್ಗಿದರು. ಹೊರಬಂದಾಗ ಕೈಯಲ್ಲಿ ಸರೋಜಳ ಅಲ್ಯೂಮಿನಿಯಂ ಬಾಣಲೆ ಇತ್ತು.

"ಅದು ಬೇಡ" ಎಂದೆ. ನನ್ನ ದನಿ ಒರಟಾಯಿತು. ಅವಳು ಹಪ್ಪಳ ಕರಿಯುತ್ತಿದ್ದ ಬಾಣಲೆ ಅದು. ಅವಳು ಹೋದ ಮೇಲೆ ನಾನು ಒಲೆಗೆ ಇಟ್ಟಿರಲಿಲ್ಲ.

ರುದ್ರಪ್ಪನವರು ಅದನ್ನು ತಿರುಗಿಸಿ ತಳ ನೋಡಿದರು. "ಡಿಶ್ ಅಂದ್ರೂ ಬಾಣಲೆನೇ ರೈಟ್ರೇ. ಆಚೆಯಿಂದ ಬಂದದ್ದನ್ನ ನಡುವಿಗೆ ತಂದು ಹಾಕ್ತದೆ. ಮೂಲೇಲಿ ಬೋರಲಾಗಿ ಬಿದ್ದಿರೋ ಬದಲು ಒಂದು ಕೆಲಸ ಮಾಡ್ಲಿ. ನೀವು ಒಳಗೆ ಕೂತ್ಕೊಳ್ಳಿ, ಕಡ್ಡಿ ಎಣಿಸಿ" ಎಂದರು. ನಾನು ಒಳಗೆ ಹೋಗಿ ಪರದೆಯ ಮುಂದೆ ಕೂತೆ. ಅವರು ಉದ್ದದ ವೈರು ಎಳೆದು, ಅಡಾಪ್ಟರನ್ನು ಬಿದಿರ ಸೀಳಿಗೆ ಕಟ್ಟಿ ಬಾಣಲೆಯ ನಡುವೆ ನಿಲ್ಲಿಸಿ, ಕಿಟಕಿಯ ಹೊರಗೆ ಸೂರಿನ ಕೆಳಗೆ ತಂತಿಯಿಂದ ಬಿಗಿದರು. ಆಮೇಲೆ ತಿರುಗಿಸಲು ಶುರುಮಾಡಿದರು.

"ಬಂತಾ?"

"ಎರಡು ಕಡ್ಡಿ!"

"ಈಗ?"

"ಹೋಯ್ತು! ಹಿಂದೆ, ಹಿಂದೆ!"

"ಈಗ ಬಂತಾ?"

"ನಾಲ್ಕು! ಬಂತು ರುದ್ರಪ್ಪನೋರೆ, ಬಂತು! ಮುಟ್ಬೇಡಿ!"

ಎಷ್ಟು ದಿನಗಳ ಮೇಲೆ ಆ ಮನೆಯಲ್ಲಿ ಯಾರಾದರೂ ಹಾಗೆ ಕೂಗಿದ್ದು ಎಂದು ಆಮೇಲೆ ಯೋಚಿಸಿದೆ. ಕಂಪ್ಯೂಟರಿನಲ್ಲಿ ರೇಡಿಯೋ ಹಚ್ಚಿದರೆ, ಸರೋಜ ಕೇಳುತ್ತಿದ್ದ ಸ್ಟೇಷನ್ನೇ ಸ್ಪಷ್ಟವಾಗಿ ಬಂತು. ಇಬ್ಬರೂ ಕಾಫಿ ಕುಡಿದೆವು. ನಾನು ಕಣ್ಣು ಒರೆಸಿಕೊಂಡದ್ದನ್ನು ಅವರು ನೋಡದವರಂತೆ ಕಿಟಕಿಯ ಕಡೆ ತಿರುಗಿ ಕೂತರು.

ಆದರೆ ಆ ಅಡಾಪ್ಟರಿಗೆ ಒಂದು ಚಾಳಿ. ಮೂರು ನಾಲ್ಕು ದಿನ ಸರಿಯಾಗಿರುತ್ತಿತ್ತು. ಆಮೇಲೆ ಒಂದು ದಿನ ರೇಡಿಯೋ ನಿಲ್ಲಿಸಿ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಸತ್ತಿರುತ್ತಿತ್ತು. ಬಂಡೆ ಹತ್ತಿ ಫೋನ್ ಮಾಡಿದರೆ, "ನೀವೇನೂ ಮುಟ್ಬೇಡಿ ಮಾರಾಯ್ರೆ, ಸೂಕ್ಷ್ಮದ ಸಾಮಾನು ಅದು. ಗುರುವಾರ ಬಂದೆ" ಎನ್ನುತ್ತಿದ್ದರು. ಬಂದು, ಬಾಣಲೆಯನ್ನು ಆ ಕಡೆ ಈ ಕಡೆ ತಿರುಗಿಸಿ, "ಬಂತಾ?" ಕೇಳಿ, ಒಳಗೆ ಬಂದು ವೈರನ್ನೊಮ್ಮೆ ಕಿತ್ತು ಚುಚ್ಚಿದರೆ ಸರಿಯಾಗುತ್ತಿತ್ತು. ಕೂಲಿ ಕೊಟ್ಟರೆ ಬೈಯುತ್ತಿದ್ದರು. ಮನೆಯಲ್ಲೇ ಹುರಿದು ಪುಡಿ ಮಾಡಿದ ಕಾಫಿ ಒಂದು ಪೊಟ್ಟಣ ಕೊಟ್ಟರೆ ಮಾತ್ರ ಮೂಸಿ ನೋಡಿ, "ಹ್ಞಾಂ, ಇದು ಫೀಸು" ಎಂದು ಸ್ಕೂಟರಿನ ಡಿಕ್ಕಿಗೆ ಹಾಕುತ್ತಿದ್ದರು. ಯಾವ ಮನೆಯ ಹೆಂಚಿನಿಂದ ಜಾರಿದ್ದರು, ಯಾವ ಮನೆಯ ನಾಯಿ ಏಣಿಯ ಕೆಳಗೆ ಕೂತು ಇಳಿಯಲು ಬಿಟ್ಟಿರಲಿಲ್ಲ, ಎಲ್ಲ ಕಥೆಯೂ ನನಗೆ ಬಾಯಿಪಾಠ ಆಯಿತು. ಹೇಳಿದ್ದನ್ನೇ ಹೇಳುತ್ತಿದ್ದರು. ನನಗೆ ಬೇಸರ ಬರುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಬುಧವಾರ ಸಂಜೆಯೇ ನಾನು ಮರುದಿನದ ಹಾಲಿಗೆ ಹೇಳಿ ಬರುತ್ತಿದ್ದೆ.

ಒಂದು ಸಲ ಆಫೀಸಿನ ಹೊಸ ಕ್ಲಾರ್ಕ್ ಹುಡುಗಿ ದಿವ್ಯ ಮಳೆಯ ಲೆಕ್ಕ ಬರೆದಿಟ್ಟ ಹಳೆಯ ಪುಸ್ತಕ ಕೇಳಲು ಬಂದಳು. ನೆಟ್ ಸತ್ತಿದ್ದು ನೋಡಿ, "ಸರ್, ಒಂದ್ನಿಮಿಷ" ಎಂದು ಕೂತು ಏನೇನೋ ತೆರೆದಳು. "ನೋಡಿ, ಕರೆಂಟ್ ಉಳಿಸೋಕೆ ಕಂಪ್ಯೂಟರ್ರೇ ಈ ಅಡಾಪ್ಟರನ್ನ ಆಫ್ ಮಾಡ್ಬೋದು ಅಂತ ಟಿಕ್ ಇದೆ. ತೆಗೆದ್ರೆ ಆಯ್ತು. ಇನ್ನು ಹೋಗಲ್ಲ" ಎಂದಳು. ಹೇಗೆ ಎಂದು ನನಗೂ ತೋರಿಸಿಕೊಟ್ಟಳು. ರೈಟರ್ ಬುದ್ಧಿ ನನ್ನದು, ಹಂತ ಹಂತವಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆ.

ಅವಳು ಹೇಳಿದ ಹಾಗೇ ಆಯಿತು. ನೆಟ್ ಹೋಗಲಿಲ್ಲ. ಗುರುವಾರ ಬಂತು, ಫೋನ್ ಮಾಡಲು ಕಾರಣ ಇರಲಿಲ್ಲ. ಸುಮ್ಮನೆ ಬನ್ನಿ ಎನ್ನಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ವಯಸ್ಸಿನ ಗಂಡಸರಿಗೆ ಅದು ಬರುವುದಿಲ್ಲ, ಸ್ವಾಮಿ. ಕೆಟ್ಟದ್ದು ಏನಾದರೂ ಇದ್ದರೆ ಕರೆಯುತ್ತೇವೆ. ಒಂಟಿತನ ತಡೆಯಲಾಗುತ್ತಿಲ್ಲ ಬನ್ನಿ ಎಂದು ಬಂಡೆಯ ಮೇಲೆ ನಿಂತು ಯಾರು ಹೇಳುತ್ತಾರೆ? ಎರಡನೇ ಗುರುವಾರವೂ ಹಾಗೇ ಕಳೆಯಿತು. ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಡಿಕಾಕ್ಷನ್ ಇಳಿಸಿದ್ದೆ, ಅರ್ಧ ಚೆಲ್ಲಿದೆ. ಚೆಲ್ಲಿ ಬಂದವನೇ ಚೀಟಿ ತೆಗೆದೆ, ದಿವ್ಯ ಹೇಳಿಕೊಟ್ಟ ದಾರಿಯಲ್ಲೇ ಹೋಗಿ ಆ ಟಿಕ್ಕನ್ನು ಮತ್ತೆ ಹಾಕಿದೆ.

ಮೂರನೇ ದಿನ ನೆಟ್ ಹೋಯಿತು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಬಂಡೆಯನ್ನು ಹುಡುಗನ ಹಾಗೆ ಹತ್ತಿದೆ. "ರುದ್ರಪ್ಪನೋರೆ, ಮತ್ತೆ ಕೈಕೊಡ್ತು ನೋಡಿ ಇದು" ಎಂದೆ.

"ಕೈಕೊಡ್ತಾ?" ಎಂದು ಅವರು ಕೂಗಿದ್ದಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. "ಬಂದೆ, ಬಂದೆ!"

ಆಮೇಲೆ ಎರಡು ಮಳೆಗಾಲ ಹೀಗೇ ನಡೆಯಿತು. ನಾನು ಅವರಿಗೆ ಮೋಸ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ.

ಅವರು ಕೊನೆಯ ಸಲ ಬಂದದ್ದು ಗುರುವಾರವಲ್ಲ, ಒಂದು ಮಂಗಳವಾರ. ನಾನು ಕರೆದಿರಲಿಲ್ಲ. ಗೇಟಿನಲ್ಲಿ ಒಂದು ಜೀಪು ನಿಂತಿತು, "ಬಂತಾ?" ಎಂಬ ಕೂಗು ಕೇಳಲಿಲ್ಲ. ನೋಡಿದರೆ ರುದ್ರಪ್ಪನವರು ಕೋಲು ಊರಿಕೊಂಡು ಬರುತ್ತಿದ್ದಾರೆ. ಮಂಡಿ ಪೂರ್ತಿ ಹೋಗಿದೆ, ಏಣಿಯೂ ಬೇಡ ಸ್ಕೂಟರೂ ಬೇಡ ಎಂದಿದ್ದಾರಂತೆ ಡಾಕ್ಟರು. ಅಂಗಡಿ ಖಾಲಿ ಮಾಡಿ ತರೀಕೆರೆಯಲ್ಲಿ ತಮ್ಮನ ಮನೆಗೆ ಹೋಗುವುದು ಎಂದು ತೀರ್ಮಾನವಾಗಿದೆ. ಅವರಿಗೂ ಮನೆಯಲ್ಲಿ ಬೇರೆ ಯಾರೂ ಇಲ್ಲ ಎಂದು ನನಗೆ ಅವತ್ತೇ ತಿಳಿದದ್ದು. ಅಷ್ಟು ಗುರುವಾರಗಳಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಎಂಥ ಮನುಷ್ಯ ನಾನು!

ಕಾಫಿ ಆದ ಮೇಲೆ ಅವರು ಬಾಣಲೆಯ ಕಡೆ ಹೋಗಲಿಲ್ಲ. ನೇರ ಕಂಪ್ಯೂಟರಿನ ಮುಂದೆ ಕೂತರು. ಎಲ್ಲೂ ತಡವರಿಸದೆ, ನನ್ನ ಚೀಟಿಯಲ್ಲಿದ್ದ ಅದೇ ಹಂತಗಳನ್ನು ಒಂದೊಂದಾಗಿ ದಾಟಿ, ಆ ಟಿಕ್ಕನ್ನು ತೆಗೆದರು.

"ಇನ್ನು ಹೋಗಲ್ಲ ರೈಟ್ರೇ" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ.

ನನಗೆ ಮುಖ ಎಲ್ಲಿಡಲಿ ಎಂದಾಯಿತು. "ನಿಮ್ಗೆ ಗೊತ್ತಿತ್ತಾ?"

"ಎರಡನೇ ಸಲ ಬಂದಾಗ್ಲೇ."

"ಮತ್ಯಾಕೆ ತೆಗೀಲಿಲ್ಲ?"

"ಎಂತ ಹೇಳೋದು... ಈಗ ಯಾರ ಮನೇಲೂ ಒಳಗಿಂದ 'ಬಂತು' ಅಂತ ಕೂಗೋರಿಲ್ಲ ಮಾರಾಯ್ರೆ. ಎಲ್ಲಾ ಅವರವರ ಫೋನಲ್ಲೇ ಬರ್ತದೆ. ನಿಮ್ಮಲ್ಲಿ ಕೂಗ್ತಿದ್ರಿ." ಕೋಲನ್ನು ಗೋಡೆಗೆ ಒರಗಿಸಿದರು. "ನಡುವೆ ಎರಡು ವಾರ ನೀವು ಕರೀಲಿಲ್ಲ. ಯಾರೋ ತೆಗ್ದು ಕೊಟ್ರು, ಮುಗೀತು ಅಂದ್ಕೊಂಡೆ. ಆಮೇಲೆ ನಿಮ್ಮ ಫೋನ್ ಬಂತು. ಅವತ್ತು ಸ್ಕೂಟರ್ ಯಾವ ಸ್ಪೀಡಲ್ಲಿ ಓಡಿಸ್ದೆ ಅಂತೀರಿ!"

ಇಬ್ಬರೂ ನಕ್ಕೆವು. ನಗುತ್ತಿದ್ದಂತೆ ನನಗೆ ಅಳು ಬಂತು, ತಡೆದುಕೊಳ್ಳಲೂ ಹೋಗಲಿಲ್ಲ. ಅವರು ನನ್ನ ಕೈ ಹಿಡಿದುಕೊಂಡು ಕೂತರು. ಕಾಫಿಪುಡಿಯ ಪೊಟ್ಟಣ ಕೊಟ್ಟೆ. ಅವತ್ತು ಮೂಸಿ ನೋಡಲಿಲ್ಲ, ಅಂಗಿಯ ಒಳಜೇಬಿಗೆ ತುರುಕಿಕೊಂಡರು. ಜೀಪು ತಿರುವಿನಲ್ಲಿ ಮರೆಯಾಗುವ ತನಕ ಗೇಟಿನಲ್ಲಿ ನಿಂತಿದ್ದೆ.

ತರೀಕೆರೆಗೆ ಒಂದು ಸಲ ಹೋಗಿ ಬರಬೇಕು ಎಂದುಕೊಂಡೇ ಇದ್ದೆ. ಹೋಗಲಿಲ್ಲ. ಹೋದ ಮಳೆಗಾಲದಲ್ಲಿ ತೀರಿಕೊಂಡರು ಎಂದು ಆಲ್ದೂರಿನಲ್ಲಿ ಅವರ ಅಂಗಡಿ ಪಕ್ಕದ ದರ್ಜಿ ಹೇಳಿದ.

ನೆಟ್ ಮಾತ್ರ ಆ ಮಂಗಳವಾರದಿಂದ ಒಂದು ದಿನವೂ ಹೋಗಿರಲಿಲ್ಲ. ಮೊನ್ನೆ ಮಂಗಗಳು ಸೂರಿನ ಕೆಳಗೆ ಇಳಿದು ಬಾಣಲೆಯನ್ನು ಎಳೆದಾಡಿ ಓರೆ ಮಾಡಿದವು, ರೇಡಿಯೋ ನಿಂತಿತು. ಕೋಲು ಹಿಡಿದು ಓಡಿಸಿದೆ. ಕಿಟಕಿಯ ಹೊರಗೆ ನಿಂತು ತಂತಿ ಬಿಗಿದು, ಬಾಣಲೆಯನ್ನು ಆಫೀಸಿನ ಕಡೆ ತಿರುಗಿಸಿದೆ. ತಿರುಗಿಸುತ್ತ, ನನಗೇ ತಿಳಿಯದ ಹಾಗೆ, ಮನೆಯೊಳಕ್ಕೆ ಮುಖ ಮಾಡಿ "ಬಂತಾ?" ಎಂದು ಜೋರಾಗಿ ಕೂಗಿದೆ.

ಆಮೇಲೆ ಚಪ್ಪಲಿ ಬಿಟ್ಟು, ನಾನೇ ಒಳಗೆ ಹೋಗಿ ಕಡ್ಡಿ ಎಣಿಸಿದೆ.