ಅಟ್ಟದ ಕೆಳಗಿನ ಮಾರಿಸ್ ಕಾರು

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ತುಮಕೂರಿನ ಬಟವಾಡಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ‘ಪುರಾತನ ಮೋಟಾರು ಸಂರಕ್ಷಣಾ ಸಂಘ’ ಹುಟ್ಟಿತು. ಅಧ್ಯಕ್ಷ ನಾನು. ಕಾರ್ಯದರ್ಶಿ, ನಾನು ಮೇಷ್ಟರಾಗಿದ್ದ ಹೈಸ್ಕೂಲಿನಲ್ಲೇ ಗಣಿತ ಹೇಳುತ್ತಿದ್ದ ವೆಂಕಟೇಶಯ್ಯ. ಸದಸ್ಯರು ಯಾರೂ ಇರಲಿಲ್ಲ, ಆದರೆ ಲೆಟರ್‌ಹೆಡ್ ಐನೂರು ಪ್ರತಿ ಅಚ್ಚಾಗಿತ್ತು. ನಮ್ಮಿಬ್ಬರಿಗೂ ಇದ್ದದ್ದು ಸೈಕಲ್ಲು. ಕಾರು ಓಡಿಸಲು ಇಬ್ಬರಿಗೂ ಬರುತ್ತಿರಲಿಲ್ಲ. “ಅದಕ್ಕೇ ನಿಂತೋಗಿರೋ ಕಾರು ಕಂಡ್ರೆ ನಿಮ್ಗೆ ಇಷ್ಟು ಪ್ರೀತಿ” ಎಂದು ನನ್ನ ಹೆಂಡತಿ ಕೌಸಲ್ಯ ಅಡುಗೆಮನೆಯಿಂದಲೇ ಉದ್ಘಾಟನಾ ಭಾಷಣ ಮಾಡಿದಳು.

ನಿಜವಾಗಿ ಕಾರು ಹುಡುಕುತ್ತಿದ್ದವನು ಗಂಗಣ್ಣ. ಈ ಬರಹವೂ ಅವನ ಕುರಿತೇ. ನಡುನಡುವೆ ನಾನು ಎದ್ದು ನಿಂತರೆ ಹಳೇ ಚಟ ಎಂದುಕೊಂಡು ಕ್ಷಮಿಸಬೇಕು.

ಗಂಗಣ್ಣ ಗುಬ್ಬಿ ಕಡೆಯವನು, ಕೊಬ್ಬರಿ ಕೆಲಸದವನು. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ ತಿರುಳು ಕರಟ ಬಿಟ್ಟು ಗಿಟುಕು, ಅಂದರೆ ಉಂಡೆ ಕೊಬ್ಬರಿ ಆಗುತ್ತದೆ. ಅಲ್ಲಿಯತನಕ ಆಗಾಗ ಅಟ್ಟ ಹತ್ತಿ, ಕಾಯಿ ತಿರುವಿ, ಕೊಳೆತದ್ದನ್ನು ಆರಿಸಿ ತೆಗೆಯಬೇಕು. ಗಂಗಣ್ಣ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, “ಇನ್ನೊಂದ್ ತಿಂಗ್ಳು” ಅನ್ನುತ್ತಿದ್ದ. ಆ ತಿಂಗಳು ಮುಗಿದ ಮಾರನೆಯ ದಿನ ಕಾಯಿ ಒಳಗೆ ಲೊಟಲೊಟ ಅನ್ನುತ್ತಿತ್ತು. ನನ್ನ ಮಾವನವರ ಮನೆಯ ಅಟ್ಟವೂ ಅವನದೇ ಕೈಯಲ್ಲಿತ್ತು. ಅಲ್ಲೇ ನನಗೆ ಪರಿಚಯ.

ಆ ಕೆಲಸಕ್ಕೆ ಒಂದು ಕಟ್ಟುಪಾಡು. ಒಂದು ಮನೆಯ ಅಟ್ಟದಲ್ಲಿ ಎಷ್ಟು ಕಾಯಿದೆ ಅನ್ನುವುದನ್ನು ಇನ್ನೊಂದು ಮನೆಯಲ್ಲಿ ಆಡಬಾರದು. ಮಂಡಿಯ ದಲ್ಲಾಳಿಯ ಕಿವಿಗೆ ಬಿದ್ದರೆ ಧಾರಣೆ ಏರುವ ತನಕ ಕಾಯುವ ಸುಖವೇ ಹೋಯಿತು. ನೆಂಟರ ಕಿವಿಗೆ ಬಿದ್ದರೆ ನೆಮ್ಮದಿಯೂ ಹೋಯಿತು. ಎಷ್ಟು ಅಟ್ಟ ಹತ್ತಿದವನು ಅನ್ನುವುದಕ್ಕಿಂತ ಎಷ್ಟು ಬಾಯಿ ಮುಚ್ಚಿದವನು ಅನ್ನುವುದರ ಮೇಲೆ ಗಂಗಣ್ಣನ ಅನ್ನ ನಿಂತಿತ್ತು.

ಸಂಘಕ್ಕೆ ಅವನು ತೋರಿಸಿಕೊಟ್ಟ ಮೊದಲ ಕಾರು ಕುಣಿಗಲ್ ಹತ್ತಿರ ಅವನ ಹೆಂಡತಿಯ ತವರಿನಲ್ಲಿತ್ತು. ದನದ ಕೊಟ್ಟಿಗೆಯಲ್ಲಿ ಒಂದು ಹಿಲ್‌ಮನ್. ಹಿಂದಿನ ಸೀಟಿನಲ್ಲಿ ಹೇಂಟೆ ಕಾವು ಕೂತಿತ್ತು. ನಾನು ಟೇಪು ಹಿಡಿದು ಅಳತೆ ತೆಗೆಯುವಾಗ ಅದು ನನ್ನ ಕೈ ಕುಕ್ಕಿತು. ನೆಂಟರ ಮನೆಯ ಕಾರು, ಹೇಳುವುದಕ್ಕೆ ಗಂಗಣ್ಣನಿಗೆ ಅಡ್ಡಿ ಇರಲಿಲ್ಲ.

ಮರು ವರ್ಷ ಗುಬ್ಬಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದಾಗ ಕೇಳಿದೆ. “ಇನ್ನೆಲ್ಲಾದ್ರೂ ಕಾರು ಇದೆಯೇನೋ ಗಂಗಣ್ಣ?”

ಅವನು ಕಿಟಕಿ ಕಡೆ ನೋಡಿದ. “ಐತೆ. ಹೇಳ್ಬಾರ್ದು ಮೇಷ್ಟ್ರೇ. ನಾನ್ ಅಟ್ಟ ಹತ್ತೋ ಮನೆ.”

ಮೇಷ್ಟರ ಬುದ್ಧಿ ಎಲ್ಲಿ ಬೇಕೋ ಅಲ್ಲಿ ಓಡುವುದಿಲ್ಲ, ಎಲ್ಲಿ ಬೇಡವೋ ಅಲ್ಲಿ ಕುದುರೆಯಂತೆ ಓಡುತ್ತದೆ. “ಅಟ್ಟದ ಮೇಲಿರೋದು ತಾನೇ ಹೇಳ್ಬಾರ್ದು? ಕಾರು ಎಲ್ಲಿದೆ?”

“ಕೆಳಗೆ. ನೆಲದ ಮೇಲೆ.”

“ಮತ್ತೆ?”

ಗಂಗಣ್ಣ ಗುಬ್ಬಿ ಬರುವವರೆಗೂ ಯೋಚಿಸಿದ. “ಹೌದಲ್ವಾ, ಅದು ನೆಲದ ಮೇಲೈತೆ” ಅಂದ. ಅವನಿಗೆ ಆ ವ್ಯತ್ಯಾಸ ಕಲಿಸಿಕೊಟ್ಟ ಗುರು ನಾನು. ಇಪ್ಪತ್ತೈದು ವರ್ಷ ಪಾಠ ಹೇಳಿದ್ದೇನೆ. ಒಬ್ಬ ಶಿಷ್ಯನಿಗೆ ಅಷ್ಟು ಬೇಗ ಅರ್ಥವಾದದ್ದು ಅದೊಂದೇ.

ಕಾರು ಇದ್ದದ್ದು ಲಕ್ಷ್ಮೀದೇವಮ್ಮನವರ ತೋಟದ ಕೊಟ್ಟಿಗೆಯಲ್ಲಿ. ಗಂಡ ಶಿವರಾಮಯ್ಯನವರು ತಂದ ಕರೀ ಮಾರಿಸ್ ಕಾರು. ಅವರು ಹೋದ ಮೇಲೆ ಹದಿನೆಂಟು ವರ್ಷದಿಂದ ಗಾಲಿ ಕುಸಿದು ಕೂತಿತ್ತು. ಒಳಗೆ ಬಿತ್ತನೆ ಹುರುಳಿ ಮೂಟೆ, ಬಾನೆಟ್ಟಿನ ಮೇಲೆ ತೆಂಗಿನ ಗರಿ. ತಲೆಯ ಮೇಲೆ ಸಂದು ಬಿಟ್ಟು ಹಲಗೆ ಹಾಕಿದ ಅಟ್ಟ. ಆಯಮ್ಮ ನಮ್ಮನ್ನು ಬೈಯಲಿಲ್ಲ. ಸೆರಗಿನಿಂದ ಕಾರಿನ ಕನ್ನಡಿ ಒರೆಸಿ, “ನೋಡ್ಕೊಂಡು ಹೋಗ್ರಪ್ಪ” ಎಂದು ಮಜ್ಜಿಗೆ ಕೊಟ್ಟರು. ಗಂಗಣ್ಣ ಬೆರಳಿನ ಗೆಣ್ಣಿನಿಂದ ಬಾನೆಟ್ಟು ಕುಟ್ಟಿ ಕಿವಿಯಿಟ್ಟು, “ಇದು ಒಣಗೋಗೈತೆ ಮೇಷ್ಟ್ರೇ” ಅಂದ. ಎಲ್ಲರೂ ನಕ್ಕೆವು.

ನಾನು ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ತುಮಕೂರಿನ ಒಂದು ವಾರಪತ್ರಿಕೆಗೆ ಲೇಖನ ಬರೆದೆ, ಫೋಟೋ ಸಮೇತ. ಫೋಟೋದಲ್ಲಿ ಕಾರು ಅರ್ಧ ಇತ್ತು, ನಾನು ಪೂರ್ತಿ ಇದ್ದೆ. ಪತ್ರಿಕೆ ಬಂದ ದಿನ ಗಂಗಣ್ಣನನ್ನು ಮಾವನ ಮನೆಯ ಜಗುಲಿಯಲ್ಲಿ ಕೂರಿಸಿ ಓದಿ ಹೇಳಿದೆ. “ಸರಿಸುಮಾರು ಹನ್ನೆರಡು ಸಾವಿರ ತೆಂಗಿನಕಾಯಿಗಳ ಭಾರವನ್ನು ತಲೆಯ ಮೇಲೆ ಹೊತ್ತು ಮೌನವಾಗಿ ನಿಂತಿದ್ದ ಈ ವಾಹನದ ಸುಳಿವನ್ನು ನಮ್ಮ ಸಂಘಕ್ಕೆ ನೀಡಿದ ಶ್ರೀ ಗಂಗಣ್ಣ ಅವರಿಗೆ ಹೃತ್ಪೂರ್ವಕ ವಂದನೆಗಳು.”

‘ಶ್ರೀ’ ಅಂದಾಗ ಅವನ ಮುಖ ಅರಳೀತು ಎಂದು ಕಾದಿದ್ದೆ. ಅವನು ಬೀಡಿ ಆರಿಸಿದ.

“ಹನ್ನೆರಡು ಸಾವ್ರ ಅಂತ ಯಾರ್ ಹೇಳಿದ್ರು?”

“ಯಾರೂ ಹೇಳ್ಲಿಲ್ಲ ಕಣೋ. ವಾಕ್ಯಕ್ಕೆ ಒಂದು ತೂಕ ಬೇಕಿತ್ತು.”

“ವಾಕ್ಯಕ್ಕಾ?” ಅಂದ. “ನನ್ ಹೆಸ್ರು ಅದ್ರ ಪಕ್ಕದಲ್ಲೇ ಹಾಕ್ಬುಟ್ರಲ್ಲ ಮೇಷ್ಟ್ರೇ” ಎಂದು ಎದ್ದು ಹೋದ.

ಆಮೇಲೆ ಆದದ್ದಕ್ಕೆ ಯಾರೂ ಜಗಳವಾಡಲಿಲ್ಲ, ಕೂಗಾಡಲಿಲ್ಲ. ಒಂದೊಂದೇ ಮನೆಯವರು ಅವನನ್ನು ಕರೆಯುವುದು ಬಿಟ್ಟರು, ಅಷ್ಟೆ. “ಕಾಯಿ ವಿಷ್ಯ ನಾನ್ ಹೇಳಿಲ್ಲ” ಎಂದು ಅವನು ಬಾಗಿಲು ಬಾಗಿಲಿಗೆ ಹೋಗಿ ಹೇಳಿದನಂತೆ. ಕೆಳಗಿನದನ್ನು ಹೇಳಿದವನು ಮೇಲಿನದನ್ನು ಬಿಟ್ಟಾನೆಯೇ? ನನ್ನ ಮಾವನವರೇ ಬೇರೆ ಆಳು ಕರೆಸಿದರು.

ತಿದ್ದುಪಡಿ ಹಾಕಿಸೋಣ ಎಂದು ವೆಂಕಟೇಶಯ್ಯನಿಗೆ ಹೇಳಿದೆ. “ಅಧ್ಯಕ್ಷರೇ ಅಂಕಿಸಂಖ್ಯೆ ಕಟ್ಟಿ ಬರೆದ್ರು ಅಂತ ಆದ್ರೆ ಸಂಘದ ಗೌರವ?” ಅಂದ. ಆ ಮಾತು ನನಗೆ ಹಿಡಿಸಿತು. ಯಾವ ಸಂಘ, ಯಾವ ಗೌರವ ಎಂದು ಕೇಳಬೇಕಾದವನು ನಾನು ‘ಪರಿಶೀಲಿಸೋಣ’ ಎಂದು ನಿರ್ಣಯ ಪುಸ್ತಕದಲ್ಲಿ ಬರೆದು ಸಹಿ ಹಾಕಿದೆ. ಹಾಗೆ ಏಳು ತಿಂಗಳು ಪರಿಶೀಲಿಸಿದೆವು.

ಒಂದು ದಿನ ತುಮಕೂರಿನ ಮಂಡಿ ಮುಂದೆ ಸೈಕಲ್ಲಿನಲ್ಲಿ ಹೋಗುವಾಗ ಗಂಗಣ್ಣ ಕಂಡ. ಬೆನ್ನ ಮೇಲೆ ಮೂಟೆ. ಐವತ್ತು ದಾಟಿದವನು ಬಾಗಿ ಲಾರಿಯ ಹಲಗೆ ಹತ್ತುತ್ತಿದ್ದ. ನೋಡದಂತೆ ಹೋಗೋಣವೆಂದು ಪೆಡಲು ತುಳಿದೆ. ಅವನೇ ಮೂಟೆಯ ಕೆಳಗಿಂದ, “ಚೆನ್ನಾಗಿದೀರಾ ಮೇಷ್ಟ್ರೇ?” ಅಂದ. ಬೈದಿದ್ದರೆ ನಾನು ಚೆನ್ನಾಗಿರುತ್ತಿದ್ದೆ.

ಮನೆಯಲ್ಲಿ ಊಟ ಸೇರಲಿಲ್ಲ. ಕೌಸಲ್ಯ ತಟ್ಟೆ ಎತ್ತುತ್ತಾ, “ಹೋಗಿ ಹೇಳ್ರೀ, ಸುಳ್ಳು ಬರ್ದೋನು ನಾನೇ ಅಂತ. ಹೇಳಿದ್ರೆ ಏನ್ ಹೋಗತ್ತೆ? ಲೆಟರ್‌ಹೆಡ್ ಮಿಕ್ಕಿದೆ, ಬೇಕಾದ್ರೆ ಅದ್ರಲ್ಲೇ ಬರ್ಕೊಡಿ” ಅಂದಳು.

ಮಾರನೆಯ ಭಾನುವಾರ ಲಕ್ಷ್ಮೀದೇವಮ್ಮನವರ ಮುಂದೆ ಕೂತು ಎಲ್ಲ ಹೇಳಿದೆ. ಅವರು ಎಲೆಅಡಿಕೆ ಮೆಲ್ಲುತ್ತಾ ಕೇಳಿಸಿಕೊಂಡರು.

“ಗೊತ್ತು ಕಣಪ್ಪ.”

“ಗೊತ್ತಿತ್ತಾ?”

“ಗಂಗಣ್ಣ ಹೇಳಿದ್ರೆ ಲೆಕ್ಕ ಸರಿಯಾಗೇ ಹೇಳಿರೋನು. ನನ್ ಅಟ್ಟದಲ್ಲಿ ಹನ್ನೆರಡು ಸಾವ್ರ ಎಲ್ಲೈತೆ?”

“ಮತ್ತೆ ಊರೋರಿಗೆ ಹೇಳ್ಬಹುದಿತ್ತಲ್ಲಮ್ಮ!”

“ಏನಂತ ಹೇಳ್ಲಿ? ಹನ್ನೆರಡಲ್ಲ ಅಂದ್ರೆ ಮತ್ತೆಷ್ಟು ಅಂತಾರೆ. ಅಟ್ಟದಲ್ಲಿ ಕಾಯಿ ಇರೋಗಂಟ ಯಾರಾದ್ರೂ ಬಾಯ್ಬಿಡ್ತಾರಾ?” ಅವರು ನನ್ನನ್ನು ನೋಡಿದ ರೀತಿ, ಹಿಂದಿನ ಬೆಂಚಿನವನನ್ನು ನಾನು ನೋಡುವ ರೀತಿ. “ಶಿವರಾತ್ರಿ ಆದ್ಮೇಲೆ ಕಾಯಿ ಇಳಿಸ್ತೀನಿ. ಗಂಗಣ್ಣನ್ನೇ ಕರೀತೀನಿ. ನೀವೂ ಬನ್ನಿ. ಎಲ್ರ ಮುಂದೆ ನೀವೇ ಎಣಿಸ್ಬೇಕು, ಕೂಗಿ.”

ಹೋದೆ. ಅಂಗಳದಲ್ಲಿ ಅಕ್ಕಪಕ್ಕದ ತೋಟದವರು, ಇಬ್ಬರು ದಲ್ಲಾಳಿಗಳು, ನನ್ನ ಮಾವನವರು. ಗಂಗಣ್ಣ ನನ್ನ ಮುಖ ನೋಡದೆ ಏಣಿ ಹತ್ತಿದ. ಕೈಗೆರಡರಂತೆ ಕಾಯಿ ಇಳಿಯತೊಡಗಿತು. ನಾನು ಗಂಟಲು ಸರಿಮಾಡಿಕೊಂಡು, “ಒಂದು” ಎಂದು ಕೂಗಿದೆ.

ಅಂಗಳವೆಲ್ಲ ಘೊಳ್ಳೆಂದಿತು. ಮೇಲಿನಿಂದ ಗಂಗಣ್ಣನ ದನಿ ಬಂತು. “ಲಾಭ ಅನ್ನಿ ಮೇಷ್ಟ್ರೇ. ಮೊದಲ್ನೇದಕ್ಕೆ ಒಂದು ಅನ್ಬಾರ್ದು.” ಮಂಡಿಯ ಮುಂದೆ ಕಂಡ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು.

ಲಾಭ ಅಂದೆ. ಎರಡು ಅಂದೆ. ನೂರಕ್ಕೊಂದು ಕಾಯಿ ಪಕ್ಕಕ್ಕಿಡುತ್ತಾ ಒಂದೂವರೆ ದಿನ ಕೂಗಿದೆ. ನನ್ನ ಲೇಖನದ ತೂಕ ಎಷ್ಟೆಂದು ಎರಡು ಸಾವಿರ ದಾಟುವಷ್ಟರಲ್ಲಿ ಗಂಟಲಿಗೆ ತಿಳಿಯಿತು. ಕಡೆಗೆ ಏಳು ಸಾವಿರದ ಮುನ್ನೂರ ನಲವತ್ತಕ್ಕೆ ನಿಂತಿತು. ದನಿ ಹೊರಡದೆ ಹೋಗಿದ್ದರಿಂದ, “ಹನ್ನೆರಡು ಸಾವಿರ ನಾನೇ ಕಟ್ಟಿದ್ದು, ಗಂಗಣ್ಣ ಹೇಳಿದ್ದಲ್ಲ” ಅನ್ನುವುದನ್ನು ಮೂರು ಸಲ ಹೇಳಬೇಕಾಯಿತು. ದಲ್ಲಾಳಿಯೊಬ್ಬ ನಾಲ್ಕನೆಯ ಸಲವೂ ಹೇಳಿಸಿದ.

ಸಂಜೆ ಹೊತ್ತಿಗೆ ಮಾವನವರು ಗಂಗಣ್ಣನ ಹತ್ತಿರ ಹೋಗಿ, “ಸೋಮವಾರ ಬಾರಪ್ಪ” ಎಂದರು. ಆ ವರ್ಷ ಇನ್ನೂ ಎರಡು ಮನೆಯವರು ಕರೆದರು. ಮಿಕ್ಕವರು ಹೊಸ ಆಳಿಗೆ ಒಗ್ಗಿಕೊಂಡಿದ್ದರು, ಕರೆಯಲಿಲ್ಲ. ವಾರದಲ್ಲಿ ನಾಲ್ಕು ದಿನ ಅವನು ಮಂಡಿಯ ಮೂಟೆಗೇ ಹೋಗುತ್ತಿದ್ದ. ನಾನು ಅಂದಿನಿಂದ ಆ ರಸ್ತೆಯಲ್ಲಿ ಸೈಕಲ್ಲು ಇಳಿದು ತಳ್ಳಿಕೊಂಡು ಹೋಗುತ್ತೇನೆ. ಅದರಿಂದ ಅವನಿಗೇನು ಉಪಕಾರವೋ ತಿಳಿಯದು.

ಮಾರಿಸ್ ಅಲ್ಲೇ ಇದೆ. ಸಂಘ ಇಲ್ಲ, ಲೆಟರ್‌ಹೆಡ್ಡಿನ ಹಿಂಬದಿಯಲ್ಲಿ ಕೌಸಲ್ಯ ಹಾಲಿನ ಚೀಟಿ ಬರೆಯುತ್ತಾಳೆ.

ಆ ಸಂಜೆ ಕೈಕಾಲು ತೊಳೆದುಕೊಂಡು ಬಂದ ಗಂಗಣ್ಣ ನನ್ನ ಮುಂದೆ ನಿಂತು ಒಂದೇ ಮಾತು ಕೇಳಿದ್ದ. “ಇದ್ನೂ ಪೇಪರ್‌ಗೆ ಹಾಕ್ಬ್ಯಾಡಿ ಮೇಷ್ಟ್ರೇ.”

ಆಗಲಿ ಎಂದಿದ್ದೆ. ಆರು ವರ್ಷ ತಡೆದೆ. ಈಗ ಬರೆಯುತ್ತಿದ್ದೇನೆ, ಅದಕ್ಕೇ ಇಷ್ಟು ಮಾಡಿದ್ದೇನೆ: ಗಂಗಣ್ಣ ಅನ್ನುವುದು ಅವನ ಹೆಸರಲ್ಲ. ಆಯಮ್ಮನ ಹೆಸರೂ ಬೇರೆ. ಅಟ್ಟದಿಂದ ಇಳಿದ ಕಾಯಿ ಏಳು ಸಾವಿರದ ಮುನ್ನೂರ ನಲವತ್ತೂ ಅಲ್ಲ.