ಉಡಿಯಲ್ಲಿ ಬಂದ ಫೋನು

ಮಂಗಳವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ವಾಡಿ ಸ್ಟೇಷನ್ನಿನಲ್ಲಿ ಅವನು ನಮ್ಮೆದುರು ಬಂದು ನಿಂತ. ಹೊತ್ತು ಇಷ್ಟು ಸರಿಯಾಗಿ ನೆನಪಿರಲು ಕಾರಣ, ಚಿತ್ತಾಪುರದ ಗಾಡಿ ಎಷ್ಟು ತಡ ಎಂದು ನಾನು ಆಗಷ್ಟೇ ಪ್ಲಾಟ್‌ಫಾರ್ಮಿನ ಗಡಿಯಾರ ನೋಡಿದ್ದೆ. ಕತ್ತು ಇಳಿಸಿದಾಗ ತಂಗಿಯ ಪಕ್ಕದಲ್ಲಿ ಅವನಿದ್ದ.

ಅವನೆಂದರೆ ತಂಗಿಗೆ ಗೊತ್ತು ಮಾಡಿದ್ದ ಹುಡುಗ. ಸೇಡಂನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ. ನಿಶ್ಚಿತಾರ್ಥವಾಗಿ ಒಂದು ತಿಂಗಳಾಗಿತ್ತು. ತಂಗಿ ಚಿತ್ತಾಪುರದ ನಮ್ಮ ಮನೆಯಿಂದ ದಿನಾ ಸೇಡಂಗೆ ಹೋಗಿ ಬಿ.ಎಡ್. ಓದುತ್ತಿದ್ದಳು. ಆ ದಿನ ಕಾಲೇಜಿಗೆ ಹೋಗುತ್ತೇನೆಂದು ಅವನಿಗೆ ಹೇಳಿ, ಕುಪ್ಪಸ ಹೊಲಿಯಲು ಹಾಕಲೆಂದು ನನ್ನ ಜೊತೆ ಶಹಾಬಾದಿಗೆ ಬಂದಿದ್ದಳು. ಹೌದು, ಸುಳ್ಳು ಹೇಳಿದ್ದಳು. ಗಂಟೆಗೊಮ್ಮೆ ಅವನ ಫೋನ್ ಬರುತ್ತಿತ್ತು; ಒಂದು ಮಧ್ಯಾಹ್ನವಾದರೂ ಸುಮ್ಮನಿರಬೇಕು ಎಂದು ಅವಳಿಗೆ ಅನಿಸಿತ್ತು. ನಾವು ಎಲ್ಲಿದ್ದೇವೆಂದು ಅವ್ವನನ್ನು ಬಿಟ್ಟರೆ ಯಾರಿಗೂ ತಿಳಿದಿರಲಿಲ್ಲ.

"ಸೇಡಂ ಕಾಲೇಜು ವಾಡಿಗಿ ಯಾವಾಗ ಬಂತು?" ಎಂದ ಅವನು, ನಗುತ್ತ.

ತಂಗಿ ಏನೋ ಹೇಳಲು ಹೋದಳು. ಅವನು ಅವಳ ಮುಂಗೈ ಹಿಡಿದ. ಆ ಹೊತ್ತಿಗೆ ನಿಲ್ಲದ ಗೂಡ್ಸ್ ಗಾಡಿಯೊಂದು ನಮ್ಮ ಪ್ಲಾಟ್‌ಫಾರ್ಮಿಗೇ ಬರುತ್ತಿತ್ತು. ಅವನು ಅವಳನ್ನು ಅಂಚಿನ ಕಡೆ ಎಳೆದ. ಒಂದು ಹೆಜ್ಜೆ. ಎರಡು. ಮೂರು. "ಇನ್ನೊಮ್ಮಿ ಸುಳ್ಳ ಹೇಳ್ತೀ?" ಎಂದ. ಅವಳ ಚಪ್ಪಲಿ ಹಳದಿ ಗೆರೆ ದಾಟಿತ್ತು. ಎಂಜಿನಿನ ಗಾಳಿಗೆ ಅವಳ ವೇಲ್ ಹಾರಿ ಹಳಿಯ ಕಡೆ ಚಾಚಿತು. ನಾನು ಅವಳ ಇನ್ನೊಂದು ಕೈ ಹಿಡಿದೆ. ವ್ಯಾಗನ್ನುಗಳೆಲ್ಲ ಹೋಗುವ ತನಕ ಹಾಗೇ ನಿಂತಿದ್ದೆವು, ಅವಳ ಒಂದು ಕೈ ಅವನಲ್ಲಿ, ಒಂದು ನನ್ನಲ್ಲಿ.

ಕೊನೆಯ ವ್ಯಾಗನ್ ದಾಟಿದ ಮೇಲೆ ಅವನು ಕೈ ಬಿಟ್ಟ. "ಚ್ಯಾಷ್ಟಿ ಮಾಡಿದೆ ಅಕ್ಕಾರ. ಮುಖ ಯಾಕ ಹಂಗ ಮಾಡೀರಿ?"

ಅದು ಚೇಷ್ಟೆಯಾಗಿರಲಿಲ್ಲ. ಆಗಲೂ ಅದನ್ನೇ ಹೇಳಿದೆ, ಈಗಲೂ ಹೇಳುತ್ತೇನೆ. ಪಾಠ ಮಾಡುತ್ತ ಬೋರ್ಡಿನ ಕಡೆ ತಿರುಗಿದಾಗ, ಒಲೆಯ ಮೇಲೆ ಚಹಾ ಉಕ್ಕುವಾಗ, ಆ ಮೂರು ಹೆಜ್ಜೆ ಕಣ್ಣ ಮುಂದೆ ಬರುತ್ತವೆ. ಪ್ರತಿ ಸಲ ನಾನು ಕೈ ಹಿಡಿಯುವುದು ಸ್ವಲ್ಪ ತಡವಾಗಿಯೇ.

ಮನೆಗೆ ಬರುವ ಗಾಡಿಯಲ್ಲಿ ತಂಗಿ ಕೇಳಿದ್ದು ಒಂದೇ ಮಾತು: "ಅಂವಗ ಹೆಂಗ ಗೊತ್ತಾಯ್ತು?"

ಅವಳ ತೊಡೆಯ ಮೇಲೆ ಹೊಸ ಫೋನು ಇತ್ತು. ನಿಶ್ಚಿತಾರ್ಥದ ದಿನ ಅವನ ತಾಯಿ ತಂಗಿಗೆ ಉಡಿ ತುಂಬಿದ್ದರು. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕುಪ್ಪಸದ ಖಣ, ಎಲ್ಲದರ ಮೇಲೆ ಫೋನಿನ ಡಬ್ಬಿ. "ಇದು ಇನ್ನ ನಿಂದವಾ. ನಮ್ಮ ಹುಡುಗ ಎಲ್ಲಾ ಹಾಕಿ ರೆಡಿ ಮಾಡ್ಯಾನ" ಎಂದಿದ್ದರು. ಓಣಿಯ ಹೆಂಗಸರು ಬಂದು ಮುಟ್ಟಿ ನೋಡಿ ಹೋಗಿದ್ದರು. ಆ ಫೋನ್ ಹಚ್ಚಿದಾಗಲೆಲ್ಲ ಮೊದಲು ಐದು ಸೆಕೆಂಡು ಕಪ್ಪು ಪರದೆಯ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳು, ತೆರೆದ ಬೀಗದ ಒಂದು ಚಿತ್ರ ಬರುತ್ತಿದ್ದವು. ಕಂಪನಿಯವರು ನಮಸ್ಕಾರ ಹೇಳುತ್ತಾರೆ ಎಂದುಕೊಂಡಿದ್ದೆವು. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವಳು. ಒಂದು ದಿನವೂ ಅದನ್ನು ಓದಲಿಲ್ಲ. ಬ್ಯಾಂಕಿನ ಆ್ಯಪ್ ಹಾಕಿದರೆ "ಈ ಫೋನ್ ಸುರಕ್ಷಿತವಲ್ಲ" ಎಂದು ತಾನೇ ಮುಚ್ಚಿಕೊಳ್ಳುತ್ತಿತ್ತು. ಹೊಸ ಮಾಡೆಲ್, ಸ್ವಲ್ಪ ದಿನ ಹಾಗೇ ಎಂದು ಅವನು ಹೇಳಿದ್ದ. ನಂಬಿದ್ದೆವು.

ಬುಧವಾರ ಬೆಳಿಗ್ಗೆ ನನಗೆ ತಿಳಿದದ್ದನ್ನು ನಾನು ಮಾಡಿದೆ. ಫೋನನ್ನು ಪೂರ್ತಿ ಅಳಿಸಿ, ಹೊಸದಾಗಿ ಶುರು ಮಾಡಿ, ನೆಟ್ ಹಚ್ಚಿದೆ. ಹತ್ತು ನಿಮಿಷವಾಗಿರಲಿಲ್ಲ, ಅವ್ವನ ಫೋನ್ ಬಡಿಯಿತು. ಅವನೇ. "ಅತ್ತಿ, ಅಕಿ ಫೋನ್ ಯಾಕ ಅಳಿಸ್ಯಾಳ? ಏನ್ ಮುಚ್ಚಿಡಾಕತ್ತಾಳ?"

ಅವ್ವ ನನ್ನ ಮುಖ ನೋಡಿದಳು. ನಾನು ಫೋನ್ ಆರಿಸಿ, ಹಳೆಯ ವೇಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ನಾನೂ ತಂಗಿಯೂ ಮತ್ತೆ ಶಹಾಬಾದಿಗೆ ಹೋದೆವು. ಸೇಡಂನಲ್ಲಿ ಯಾವ ಅಂಗಡಿಗೆ ಕೊಟ್ಟರೂ ಅವನಿಗೆ ಸುದ್ದಿ ಹೋಗುತ್ತಿತ್ತು.

ಶಹಾಬಾದಿನಲ್ಲಿ ಒಬ್ಬ ಚಾಚಾ ಇದ್ದಾರೆ. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದವರು, ಈಗ ಮೊಬೈಲು. ಸಿಮ್ ತೆಗೆದು ಫೋನ್ ಹಚ್ಚಿದರು. ಆ ಐದು ಸೆಕೆಂಡಿನ ಕಪ್ಪು ಪರದೆ ಬಂದದ್ದೇ ಕನ್ನಡಕ ಮೇಲೇರಿಸಿ, "ಇದನ್ನ ಯಾರ ಬಿಚ್ಯಾರ ಬೇಟಿ?" ಎಂದರು.

"ಬಿಚ್ಚೋದಂದ್ರ?"

"ಬೂಟ್‌ಲೋಡರ್ ಅಂತ ಇರ್ತದ. ಫೋನ್ ಎದ್ದ ಕೂಡ್ಲೇ ಮೊದಲ ಎದ್ದು ಬಾಗಿಲದಾಗ ಕುಂದ್ರೋದು ಅದು. ಯಾರನ್ನ ಒಳಗ ಬಿಡಬೇಕು, ಯಾರನ್ನ ಬ್ಯಾಡ, ಅದೇ ನೋಡ್ತದ. ಕಂಪನಿ ಅದಕ್ಕ ಬೀಗ ಹಾಕಿ ಕಳಸ್ತದ. ಇಲ್ಲಿ ಬೀಗ ತಗದಾರ. ಅದನ್ನೇ ಇಲ್ಲಿ ಬರದಾರ ನೋಡು, ಈ ಫೋನಿನ ಬೀಗ ತಗದದ, ಒಳಗ ಯಾರ ಏನ ಇಟ್ಟಾರ ನಾ ಹೇಳಲಾರೆ ಅಂತ. ಆಮ್ಯಾಲ ರೂಟ್ ಮಾಡಿ ಮನಿಯಾಗಿನ ಎಲ್ಲಾ ಕ್ವಾಣಿ ಕೀಲಿಕೈ ತನ್ನ ಕೈಗಿ ತಗೊಂಡಾನ."

"ನಾ ಎಲ್ಲಾ ಅಳಿಸಿದ್ನಲ್ರಿ ಚಾಚಾ."

"ನೀ ಕಸ ಹೊಡದಿ. ಅಂವ ಗ್ವಾಡಿ ಒಳಗ ಕುಂತಾನ."

ಒಳಗಿದ್ದ ಆ್ಯಪಿಗೆ ಹೆಸರೂ ಇರಲಿಲ್ಲ, ಚಿತ್ರವೂ ಇರಲಿಲ್ಲ. ಫೋನಿನ ಸ್ವಂತ ಭಾಗದ ಹಾಗೆ ಅದನ್ನು ಕೂರಿಸಿದ್ದ. ಫೋನ್ ಎಲ್ಲಿದೆ, ಅದರ ಕ್ಯಾಮೆರಾಕ್ಕೆ ಏನು ಕಾಣುತ್ತದೆ ಎಂಬ ಸುದ್ದಿಯನ್ನು ಅದು ಯಾವ ನಂಬರಿಗೆ ಕಳಿಸುತ್ತದೆಂದು ಚಾಚಾ ತೆಗೆದು ತೋರಿಸಿದರು. ತಂಗಿಗೆ ಆ ನಂಬರ್ ಬಾಯಿಪಾಠವಿತ್ತು. ಅವಳು ಅಳಲಿಲ್ಲ. "ಬಚ್ಚಲಕ್ಕ ಹೋಗುವಾಗೂ ಒಯ್ತಿದ್ದೆ, ಫೋನ್ ಎತ್ತಲಿಲ್ಲಂದ್ರ ಬೈತಾನ ಅಂತ" ಎಂದಳು, ಅಷ್ಟೇ.

ಚಾಚಾ ಪ್ರತಿಯೊಂದು ಪರದೆಯ ಫೋಟೊ ತೆಗೆದುಕೊಟ್ಟರು. "ಈಗ ಸ್ವಚ್ಛ ಮಾಡಿದ್ರ ಸಾಕ್ಷಿನೂ ಹೋಗ್ತದ. ಮನ್ಯಾಗ ಮಾತಾಡಿ ಬರ್ರಿ."

ಮನೆಯಲ್ಲಿ ಮಾತಾಡುವುದೆಂದರೆ ದೊಡ್ಡಪ್ಪನ ಜೊತೆ. ನಮಗೆ ಅಪ್ಪ ಇಲ್ಲ. ಈ ಸಂಬಂಧ ತಂದವನು ದೊಡ್ಡಪ್ಪ. ಫೋಟೊಗಳನ್ನು ತಿರುವಿ ನೋಡಿ, "ಗಂಡ ಆಗಾಂವ. ಕಾಳಜಿ ಮಾಡ್ತಾನ" ಎಂದ.

"ರೈಲಿನ ಮುಂದ ಎಳಿಯೋದು ಕಾಳಜಿಯೇನು ದೊಡ್ಡಪ್ಪ?"

"ಚ್ಯಾಷ್ಟಿ ಅಂದಾನಲ್ಲ. ನೀ ಕಲತಾಕಿ, ಎಲ್ಲಾದ್ರಾಗೂ ದೊಡ್ಡ ಅರ್ಥ ಹುಡುಕ್ತಿ. ಇವೆಲ್ಲ ಇಂಗ್ಲಿಷ್ ಅಕ್ಷರ ನಂಗ ತೋರಿಸಬ್ಯಾಡ."

"ಹಂಗಾದ್ರ ಫೋನ್ ನಿನ್ನ ಕಿಸೆದಾಗ ಇಟ್ಟುಕೋ. ಎಲ್ಲಿಗಿ ಬೇಕಾದಲ್ಲಿ ಹೋಗು. ಯಾರಿಗೂ ಹೇಳಬ್ಯಾಡ."

ದೊಡ್ಡಪ್ಪ ಹಟವಾದಿ. ಅದೇ ನಮಗೆ ಒದಗಿ ಬಂತು. ಶುಕ್ರವಾರ ಬೆಳಿಗ್ಗೆ, ಸಿಮ್ ಹಾಕಿ ಹಚ್ಚಿದ ಆ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಕಾಳಗಿ ಮೇಲೆ ಹೋಗುವ ಚಿಂಚೋಳಿ ಬಸ್ ಹತ್ತಿದ. ನಾನೂ ಹತ್ತಿದೆ. ತಂಗಿ ಮನೆಯಲ್ಲಿ ಅವ್ವನ ಜೊತೆ ಬಾಗಿಲು ಹಾಕಿಕೊಂಡು ಕುಳಿತಳು. "ಅಂವ ಬರ್ಲಿಲ್ಲಂದ್ರ ಲಗ್ನ ಆಗೋತನ ನೀ ಬಾಯಿ ತೆಗಿಯಂಗಿಲ್ಲ" ಎಂದು ದೊಡ್ಡಪ್ಪ ಕರಾರು ಹಾಕಿದ್ದ. ಒಪ್ಪಿದ್ದೆ.

ಚಿಂಚೋಳಿ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕುಳಿತೆವು. ಕಿಸೆಯಲ್ಲಿ ಫೋನ್ ಮೂರು ಸಲ ಬಡಿಯಿತು. ಮೂರು ಸಲವೂ ದೊಡ್ಡಪ್ಪ ಅದರ ಮೇಲೆ ಟವೆಲ್ ಒತ್ತಿ ಹಿಡಿದ, ಕೋಳಿಮರಿ ಹಿಡಿದಂತೆ. ಒಂದು ಚಹಾ ಆಯಿತು, ಸುಸಲಾ ಆಯಿತು, ಇನ್ನೊಂದು ಚಹಾ ಆಯಿತು. "ಬರಂಗಿಲ್ಲ ನೋಡು" ಎಂದು ದೊಡ್ಡಪ್ಪ ಎದ್ದು ನಿಲ್ಲುವ ಹೊತ್ತಿಗೆ ಹೊರಗೆ ಮೋಟರ್‌ಸೈಕಲ್ ನಿಂತಿತು.

ಅವನು ಗಾಡಿಯಿಂದ ಇಳಿದು ಮೊದಲು ಸ್ಟ್ಯಾಂಡಿನಲ್ಲಿ ಕುಳಿತಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಆಮೇಲೆ ಕೈಯಲ್ಲಿದ್ದ ತನ್ನ ಫೋನ್ ನೋಡಿದ. ಅದನ್ನು ನೋಡುತ್ತಲೇ, ತಲೆ ಎತ್ತದೆ, ನೇರ ಕ್ಯಾಂಟೀನಿನೊಳಗೆ ಬಂದು ನಮ್ಮ ಟೇಬಲಿಗೆ ತಾಗಿ ನಿಂತ.

"ಯಾರನ್ನ ಹುಡುಕಾಕತ್ತಿ ತಮ್ಮಾ?" ಎಂದ ದೊಡ್ಡಪ್ಪ.

ಅವನ ಮುಖ ಬಿಳಿಚಿತು. "ಇಲ್ರಿ ಮಾವಾರ... ಸುಮ್ಮ, ಸಾಮಾನ ಒಯ್ಯಾಕ ಬಂದಿದ್ದೆ."

"ಸಾಮಾನ ನನ್ನ ಕಿಸೆದಾಗ ಅದ. ಕುಂದ್ರು, ಚಾ ಕುಡಿ."

ಅವನು ಕುಳಿತುಕೊಳ್ಳಲಿಲ್ಲ. ಮೋಟರ್‌ಸೈಕಲ್ ಹೋದ ಮೇಲೂ ದೊಡ್ಡಪ್ಪ ಬಹಳ ಹೊತ್ತು ಬಾಗಿಲ ಕಡೆಯೇ ನೋಡುತ್ತಿದ್ದ. ಹಿಂದಿರುಗುವಾಗ, ಕಾಳಗಿಯಲ್ಲಿ ಬಸ್ಸಿಗೆ ಜನ ಹತ್ತಿ ಇಳಿಯುವ ಗದ್ದಲದಲ್ಲಿ ನನ್ನ ಕಡೆ ವಾಲಿ ಕೇಳಿದ: "ವಾಡಿಯಾಗ ಎಷ್ಟ ಹೆಜ್ಜಿ ಎಳದಿದ್ದ ಅಂದಿ?"

"ಮೂರು."

ಸಂಜೆ ಸೇಡಂಗೆ ಫೋನ್ ಮಾಡಿ ಲಗ್ನ ಇಲ್ಲ ಎಂದು ಹೇಳಿದವನು ದೊಡ್ಡಪ್ಪನೇ.

ಎರಡು ದಿನಕ್ಕೆ ಹುಡುಗನ ತಾಯಿ ಬಂದರು. ಕುಳಿತು ನೀರು ಕುಡಿದು, "ಆಗಿದ್ದ ಆಯ್ತು. ಸೀರಿ ಬ್ಯಾಡ, ಬಂಗಾರ ಬ್ಯಾಡ. ಆ ಫೋನ್ ಒಂದ ಕೊಟ್ಟುಬಿಡ್ರಿ" ಎಂದರು. ಬಂಗಾರ ಬಿಟ್ಟು ಫೋನ್ ಕೇಳುವವರಿಗೆ ಏನು ಬೇಕಾಗಿದೆಯೆಂದು ನಮಗೆಲ್ಲ ತಿಳಿಯಿತು. ಆದರೂ ಅವ್ವ, ಆ ದರಿದ್ರ ಮನೆಯಿಂದ ಹೋದರೆ ಸಾಕೆಂದು ತರಲು ಎದ್ದಳು.

ತಂಗಿ ಬಾಗಿಲಿಗೆ ಅಡ್ಡ ನಿಂತಳು. "ಉಡ್ಯಾಗ ಹಾಕಿದ್ದು ತಿರುಗಿ ಬೇಡ್ತಾರೇನ್ರಿ ಅತ್ತಿ? ಹಾಕುವಾಗ ನೀವೇ ಅಂದ್ರಿ, ಇದು ಇನ್ನ ನಿಂದು ಅಂತ."

"ಲಗ್ನಾನೇ ಮುರದ ಮ್ಯಾಲ ಯಾವ ಉಡಿ ಯವ್ವಾ?"

"ಸೀರಿ ಒಯ್ಯಿರಿ. ಬಂಗಾರ ಒಯ್ಯಿರಿ. ತೆಂಗಿನಕಾಯಿ ಬೇಕಾದ್ರ ಹೊಸಾದು ತಂದು ಕೊಡ್ತೀನಿ. ಫೋನ್ ಕೊಡಂಗಿಲ್ಲ."

ಮರುದಿನ ಆ ಫೋನನ್ನೂ ಚಾಚಾ ತೆಗೆದ ಫೋಟೊಗಳನ್ನೂ ತೆಗೆದುಕೊಂಡು ಠಾಣೆಗೆ ಹೋಗಿ ದೂರು ಬರೆದುಕೊಟ್ಟೆವು. ವಾಡಿಯ ಮೂರು ಹೆಜ್ಜೆಯನ್ನು ನಾನೇ ಬರೆದು ಸಹಿ ಹಾಕಿದೆ. ಅವನನ್ನು ಕರೆಸಿದರು; ಒಪ್ಪಿಕೊಂಡು ಬರೆದುಕೊಟ್ಟ. ಫೋನಿನಲ್ಲಿ ಬೇಕಾದದ್ದನ್ನೆಲ್ಲ ದಾಖಲು ಮಾಡಿಕೊಂಡು ಕೆಲವು ವಾರಗಳ ಮೇಲೆ ಅದನ್ನು ನಮಗೆ ತಿರುಗಿ ಕೊಟ್ಟರು.

ಅಷ್ಟರಲ್ಲಿ ಬಳಗದವರ ಮಾತು ಶುರುವಾಗಿತ್ತು. ಹುಡುಗಿ ಕೈಗೆ ಫೋನ್ ಕೊಟ್ಟಿದ್ದೇ ತಪ್ಪು ಎಂದರು ಕೆಲವರು. ಫೋನ್ ಕೊಟ್ಟವನು ಹುಡುಗ ಎಂಬುದು ಅವರಿಗೆ ನೆನಪಿರಲಿಲ್ಲ. ಇದನ್ನೆಲ್ಲ ಎಲ್ಲಿಯೂ ಬರೆಯಬೇಡ, ತಂಗಿಗೆ ಮುಂದೆ ಸಂಬಂಧ ಬರುವುದಿಲ್ಲ ಎಂದರು ಇನ್ನು ಕೆಲವರು. ಬರೆ ಎಂದವಳು ತಂಗಿಯೇ. ಹೆಸರುಗಳನ್ನು ಬಿಟ್ಟಿದ್ದೇನೆ. ಬೇರೆ ಏನನ್ನೂ ಬಿಡುವುದಿಲ್ಲ.

ಫೋನ್ ಸ್ವಚ್ಛ ಮಾಡಿಸಲು ಹೋದಾಗ ಚಾಚಾ ಕೈ ಹಚ್ಚಲಿಲ್ಲ. "ನಾ ಮಾಡಿಕೊಟ್ರ ನಾಳಿ ನನ್ನ ಮ್ಯಾಲ ನಂಬಿಕಿ ಇಡಬೇಕಾಗ್ತದ. ನಾ ಏನ್ ಇಟ್ಟೀನಿ ಒಳಗ, ನಿನಗೇನ್ ಗೊತ್ತು? ಕಲಸ್ತೀನಿ, ನೀವೇ ಮಾಡ್ರಿ."

ಮೊದಲು ನನ್ನ ಹಳೆಯ ಫೋನಿನ ಮೇಲೆ ಕಲಿತೆವು. ಅದರ ಬೀಗ ತೆಗೆದು, ರೂಟ್ ಮಾಡಿ, ಬೇಡದ್ದನ್ನು ಕಿತ್ತು, ಮತ್ತೆ ಕಂಪನಿಯ ಮೂಲ ಸಾಫ್ಟ್‌ವೇರ್ ತುಂಬಿದೆವು. ಎರಡು ಸಲ ಅದು ಅರ್ಧಕ್ಕೇ ನಿಂತಿತು, ಮತ್ತೆ ಮೊದಲಿನಿಂದ ಶುರು ಮಾಡಿದೆವು. ಬೀಗ ತೆಗೆಯುವುದರಲ್ಲಿ ಪಾಪವಿಲ್ಲವೆಂದು ನನಗೆ ಅಲ್ಲಿ ಗೊತ್ತಾಯಿತು. ತನ್ನ ಫೋನನ್ನು ತಾನು ಬಿಚ್ಚಿ ನೋಡುವ ಹಕ್ಕು ಎಲ್ಲರಿಗೂ ಇದೆ. ಅವನು ಬಿಚ್ಚಿದ್ದು ತನ್ನದನ್ನಲ್ಲ. ನನ್ನ ಹಳೆಯ ಫೋನಿನ ಬೀಗವನ್ನು ಬೇಕೆಂದೇ ತೆರೆದಿಟ್ಟಿದ್ದೇನೆ. ಈಗ ಆ ಐದು ಸೆಕೆಂಡಿನ ಅಕ್ಷರಗಳನ್ನು ಪೂರ್ತಿ ಓದುತ್ತೇನೆ.

ಆಮೇಲೆ ತಂಗಿಯ ಫೋನು. ಚಾಚಾನ ಕಂಪ್ಯೂಟರಿಗೆ ಹಚ್ಚಿ, ಒಳಗಿದ್ದುದನ್ನೆಲ್ಲ ಬುಡದಿಂದ ತೆಗೆದು ಹೊಸದಾಗಿ ತುಂಬಿದೆವು. ಉಳಿದದ್ದು ಬೀಗ ಹಾಕುವುದು. ಗೋಡೆಯೊಳಗೆ ಅವನು ಇಟ್ಟದ್ದು ಚೂರು ಉಳಿದಿದ್ದರೂ ಬೀಗ ಬಿದ್ದ ಕ್ಷಣ ಫೋನ್ ಕಲ್ಲಾಗುತ್ತದೆ, ಮತ್ತೆ ಏಳುವುದಿಲ್ಲ ಎಂದು ಚಾಚಾ ಎಚ್ಚರಿಸಿದರು. ನಾನು ಇನ್ನೊಮ್ಮೆ ನೋಡೋಣವೆಂದೆ.

"ಸತ್ರ ಸಾಯಲಿ. ನನ್ನ ಕೈಯಾಗ ಸಾಯಲಿ" ಎಂದು ತಂಗಿ ಗುಂಡಿ ಒತ್ತಿದಳು.

ಪರದೆ ಆರಿತು. ಚಾಚಾ ಕನ್ನಡಕ ತೆಗೆದರು. ಫೋನ್ ಎದ್ದಿತು. ಕಪ್ಪು ಪರದೆ ಬರಲಿಲ್ಲ, ತೆರೆದ ಬೀಗ ಬರಲಿಲ್ಲ. ಅವಳು ಅದನ್ನು ಆರಿಸಿ ಮತ್ತೆ ಹಚ್ಚಿದಳು. ಹಾಗೆ ನಾಲ್ಕು ಸಲ.

ಇದಾದ ಮೇಲೆ ಭಯ ಹೋಗಬೇಕಿತ್ತು, ಹೋಗಲಿಲ್ಲ. ತಂಗಿ ಫೋನನ್ನು ಹಿಟ್ಟಿನ ಡಬ್ಬಿಯಲ್ಲಿಟ್ಟು ಮಲಗುತ್ತಿದ್ದಳು, ಎದ್ದು ಹೋಗಿ ನೋಡಿ ಬರುತ್ತಿದ್ದಳು. ಅವಳು ಎದ್ದದ್ದು ತಿಳಿಯಲು ನಾನು ಎಚ್ಚರವೇ ಇರುತ್ತಿದ್ದೆ. ಚಿತ್ತಾಪುರದಲ್ಲಿ ಗೂಡ್ಸ್ ಗಾಡಿ ಹೋದರೆ ಇಬ್ಬರೂ ವ್ಯಾಗನ್ ಎಣಿಸುತ್ತಿದ್ದೆವು. ಹೀಗೆ ಎರಡು ತಿಂಗಳು. ಅವಳು ಪರೀಕ್ಷೆ ಬರೆದಳು, ಅದೇ ಸೇಡಂಗೆ, ಅವನ ಅಂಗಡಿಯ ಮುಂದಿನಿಂದಲೇ ಹೋಗಿ. ಸುತ್ತು ಹಾದಿ ಇತ್ತು, ಹಿಡಿಯಲಿಲ್ಲ.

ಪರೀಕ್ಷೆ ಮುಗಿದ ಮೇಲಿನ ಭಾನುವಾರ ಅವ್ವ ಕೂಗುವ ದನಿಗೆ ಕಣ್ಣು ಬಿಟ್ಟೆ. ಬಿಸಿಲು ಹಾಸಿಗೆಯ ಮೇಲಿತ್ತು. ನಮ್ಮ ಓಣಿಗೆ ಎರಡು ದಿನಕ್ಕೊಮ್ಮೆ ನಸುಕಿನಲ್ಲಿ ನಳದ ನೀರು ಬರುತ್ತದೆ. ಎಚ್ಚರವಿರುತ್ತಿದ್ದವರು ನಾವೇ ಆದ್ದರಿಂದ ತುಂಬುವ ಕೆಲಸ ನಮ್ಮದೇ ಆಗಿತ್ತು. ನೀರು ಬಂದು, ಹೋಗಿ, ನಳ ಒಣಗಿತ್ತು. ಕೊಡಗಳೆಲ್ಲ ಖಾಲಿ.

"ಇಬ್ಬರೂ ಸತ್ತಂಗ ಬಿದ್ದೀರಲ್ಲ! ಇವತ್ತ ಏನ್ ಕುಡಿತೀರಿ?" ಎಂದು ಅವ್ವ ಬಾಗಿಲಲ್ಲಿ ಕೊಡ ಹಿಡಿದು ನಿಂತಿದ್ದಳು.

ತಂಗಿ ಹೊದಿಕೆಯಿಂದ ಮುಖ ಹೊರಗೆ ಹಾಕಿ, "ಎಷ್ಟು ಗಂಟಿ ಆಯ್ತು?" ಎಂದಳು.

"ಎಂಟು!"

ಅವಳು ನನ್ನನ್ನು ನೋಡಿದಳು. ಆಮೇಲೆ ಮಗ್ಗಲು ಬದಲಿಸಿ ಮತ್ತೆ ಮಲಗಿದಳು. ಅವ್ವ ಇನ್ನೂ ಬೈಯುತ್ತಲೇ ಕೊಡ ಎತ್ತಿಕೊಂಡು ಪಕ್ಕದ ಮನೆಗೆ ನೀರು ಕೇಳಲು ಹೋದಳು.